ಹತ್ತು ತಿಂಗಳ ನೇಲ್ ಪಾಲಿಶ್

ಮಳೆಗಾಲವಿಡೀ ಗಂಬೂಟು ಹಾಕಿ ತೋಟ ಸುತ್ತುವವನು ನಾನು. ಬಲಗಾಲಿನ ಹೆಬ್ಬೆರಳಿನ ಉಗುರು ಹಳದಿಯಾಗಿ, ದಪ್ಪಗಾಗಿ ಪುಡಿ ಉದುರತೊಡಗಿತು. ಎರಡು ತಿಂಗಳು ಸುಮ್ನೆ ಕ್ರೀಮು ಹಚ್ಚಿದೆ. ಅದು ಗಟ್ಟಿ ಉಗುರಿನೊಳಗೆ ಇಳಿಯಬೇಕಲ್ವಾ? ಚರ್ಮದ ಡಾಕ್ಟರು ಉಗುರಿನ ಚೂರು ಪರೀಕ್ಷೆ ಮಾಡಿಸಿ, ಫಂಗಸ್ಸೇ ಎಂದಾದ ಮೇಲೆ 5% ಅಮೊರಾಲ್ಫಿನ್ ಲ್ಯಾಕರ್, ಅಂದರೆ ನೇಲ್ ಪಾಲಿಶ್‌ನಂತೆ ಉಗುರಿಗೆ ಬಳಿಯುವ ಫಂಗಸ್ ಔಷಧಿ, ಬರೆದರು. ಟರ್ಬಿನಾಫಿನ್ ಮಾತ್ರೆ ಇದಕ್ಕಿಂತ ಬಲವಾದದ್ದು, ದಿನಕ್ಕೆ 250 ಮಿ.ಗ್ರಾಂ., 12 ವಾರ. ಆದರೆ ನನ್ನ ಲಿವರ್ ಸರಿಯಿಲ್ಲದ್ದರಿಂದ ಬೇಡ ಎಂದರು.

ಪ್ರತಿ ಭಾನುವಾರ ಉಗುರು ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ ಹಚ್ಚುತ್ತೇನೆ. ಉಜ್ಜಿದ ಫೈಲನ್ನು ಒಳ್ಳೆ ಉಗುರಿಗೆ ತಾಗಿಸುವಂತಿಲ್ಲ. "ನನಗೂ ಸ್ವಲ್ಪ ಪಾಲಿಶ್ ಹಚ್ಚಿ" ಎಂದು ಹೆಂಡತಿಯ ತಮಾಷೆ ಬೇರೆ. ಮೂರು ತಿಂಗಳು ಏನೂ ಕಾಣಲಿಲ್ಲ. ಈಗ ಹತ್ತನೆಯದು, ಬುಡದಿಂದ ಮುಕ್ಕಾಲು ಭಾಗ ಹೊಸ ಉಗುರು ಬಂದಿದೆ. ಬಾಟಲಿ ಮಾತ್ರ ಪುಟ್ಟದು, ಬೆಲೆ ಜಾಸ್ತಿ.