ಎಂಜಿಬಿಗೆ ಹಾಕಿದ ವ್ಯಾಂಡರ್‌ವೆಲ್ ಬೇರಿಂಗ್: ಮೂರು ಮಳೆಗಾಲ, 14,000 ಕಿಲೋಮೀಟರ್ ಆದಮೇಲೆ

ಕಳೆದ ತಿಂಗಳು ಎಂಜಿನ್ನನ್ನು ಸ್ವಲ್ಪ ಎತ್ತಿ ಸಂಪ್ (ತಳದ ಆಯಿಲ್ ತೊಟ್ಟಿ) ಇಳಿಸಿ, ಕ್ರ್ಯಾಂಕ್ ದಂಡವನ್ನು ಬ್ಲಾಕಿಗೆ ಹಿಡಿದಿಡುವ ನಡುವಿನ ಮೇನ್ ಕ್ಯಾಪನ್ನೂ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಮೂರನೇ ಕಾನ್‌ರಾಡಿನ ಕ್ಯಾಪನ್ನೂ ಬಿಚ್ಚಿ ನೋಡಿದೆ. ನೋಡಲೇಬೇಕು ಅಂತೇನಿರಲಿಲ್ಲ, ಆಯಿಲ್ ಗೇಜಿನ ಮುಳ್ಳು ನೆಟ್ಟಗೇ ನಿಲ್ಲುತ್ತಿತ್ತು. ಆದರೆ ಬೇರಿಂಗ್ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ, ಕಣ್ಣಾರೆ ನೋಡದೆ ಸಮಾಧಾನವಿಲ್ಲ. ಬೇರಿಂಗ್ ಅಂದರೆ ಇಲ್ಲಿ ಕ್ರ್ಯಾಂಕ್ ತಿರುಗುವ ಜಾಗದಲ್ಲಿ ಜೋಡಿಯಾಗಿ ಕೂರುವ ಅರ್ಧಚಂದ್ರದಂಥ ಲೋಹದ ಚಿಪ್ಪು, ಅಂದರೆ ಶೆಲ್; ಬ್ಲಾಕಿನ ಕಡೆಯದು ಮೇನ್, ಕಾನ್‌ರಾಡಿನ ಕಡೆಯದು ಬಿಗ್ ಎಂಡ್.

ಕಾರು 1967ರ ಎಂಜಿಬಿ, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು, ಸೋದರಮಾವನದು. ಆಲ್ದೂರಿನ ಹತ್ತಿರ ತೋಟದ ಮನೆಯ ಶೆಡ್ಡಿನಲ್ಲಿ, ಕಾಫಿ ಪಲ್ಪರ್ ಪಕ್ಕದಲ್ಲಿ, ಹದಿನೆಂಟು ವರ್ಷ ನಿಂತಿತ್ತು. ಎಂಜಿನ್ 1798 ಸಿಸಿ. ಚಿಕ್ಕಮಗಳೂರಿನಲ್ಲಿ ನನಗೆ ಎಂಜಿನ್ ಕಟ್ಟಿಕೊಡುವ ಭಾಯ್ ಮೂವತ್ತು ವರ್ಷ ಅಂಬಾಸಡರ್ ಬಿಚ್ಚಿ ಕೂರಿಸಿದವರು. ಬಾನೆಟ್ ಎತ್ತಿದ ಕೂಡಲೇ, "ಸಾರ್, ಇದು ಅಂಬಾಸಡರ್ ಎಂಜಿನ್ನೇ ಅಲ್ವಾ? ಬೇರಿಂಗ್‌ಗೆ ಯಾಕೆ ತಲೆ ಕೆಡಿಸ್ಕೋತೀರಾ, ಹಾಸನದಲ್ಲಿ ಸಿಗುತ್ತೆ ಬಿಡಿ" ಅಂದರು. ಅವರ ಮಾತು ಅರ್ಧ ಸತ್ಯ. ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಮನೆತನದವೇ. ಆದರೆ ಅಂಬಾಸಡರ್‌ನ 1489 ಸಿಸಿ ಎಂಜಿನ್ನಿನಲ್ಲಿ ಮೇನ್ ಬೇರಿಂಗ್ ಮೂರು, ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) 2 ಇಂಚು. ಎಂಜಿಬಿಗೆ 1962ರಲ್ಲಿ ಮೂರೇ ಇದ್ದದ್ದು, 1964ರ ಕೊನೆಯಿಂದ ಐದಾಯಿತು, ಜರ್ನಲ್ 2.126 ಇಂಚಿನ ಆಸುಪಾಸು. ವರ್ನಿಯರ್ ಹಿಡಿದು ತೋರಿಸಿದ ಮೇಲೆ ಭಾಯ್ ನಕ್ಕು, "ಹಂಗಾದ್ರೆ ಇದು ಅಣ್ಣ, ಅದು ತಮ್ಮ" ಅಂದರು. ತಮ್ಮನ ಚಪ್ಪಲಿ ಅಣ್ಣನಿಗೆ ಆಗಲಿಲ್ಲ.

ಮೊದಲ ಸಲ ಮಾಡಿದ ತಪ್ಪು ಪೂರಾ ನನ್ನದೇ ಅಂತ ಹೇಳಲಾರೆ, ಮುಕ್ಕಾಲು ಪಾಲು ನನ್ನದು. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಕ್ಕ ಒಂದು ಸೆಟ್ ತರಿಸಿದೆ. ಡಬ್ಬಿಯ ಮೇಲೆ 'ಟೆನ್ ಅಂಡರ್' ಅಂತಿತ್ತು, ಅಂದರೆ ಹತ್ತು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಸವೆಸಿದ ಕ್ರ್ಯಾಂಕಿಗೆ. ಅದು ಬಂದು ಸೇರುವ ಮೊದಲೇ ಕ್ರ್ಯಾಂಕನ್ನು ಲೇತ್ ಅಂಗಡಿಗೆ ಕೊಟ್ಟು ಹತ್ತು ಥೌ ಗ್ರೈಂಡ್ ಮಾಡಿಸಿದ್ದೆ. ಶೆಲ್ಲುಗಳು ಬಂದವು, ಕೂರಿಸಿದೆವು, ಪ್ಲಾಸ್ಟಿಗೇಜ್ (ಚಪ್ಪಟೆಯಾಗಿ ಸಂದು ಎಷ್ಟೆಂದು ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ನೋಡುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿ ಆಯಿಲ್ ಒತ್ತಡ ಬರೀ 8 ಪಿಎಸ್‌ಐ ತೋರಿಸಿತು. ಕೈಮರ ದಾಟಿ ಮುಳ್ಳಯ್ಯನಗಿರಿ ಏರಿನಲ್ಲಿ ಮುಳ್ಳು ಮಲಗಿಯೇ ಬಿಟ್ಟಿತು. ಮತ್ತೆ ಬಿಚ್ಚಿ ಅಳೆದರೆ ಎರಡು ಮೇನ್‌ಗಳಲ್ಲಿ ಸಂದು ಮೂರೂವರೆ ಥೌ. ಕೈಪಿಡಿ ಹೇಳುವುದು ಒಂದರಿಂದ 2.7 ಥೌ. ಶೆಲ್ಲುಗಳ ದಪ್ಪವೇ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಅಲ್ಲಿಂದ ನನ್ನದೊಂದೇ ನಿಯಮ: ಬೇರಿಂಗ್ ಕೈಗೆ ಬಂದು, ಅಳೆದು, ಕ್ಯಾಪ್ ಟಾರ್ಕ್ ಮಾಡಿ ಒಳವ್ಯಾಸ ಬರೆದುಕೊಂಡ ಮೇಲೆಯೇ ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಹೋಗಬೇಕು. ಜರ್ನಲ್ ಬೇರಿಂಗಿಗೆ ತಕ್ಕಂತೆ ಆಗಬೇಕೇ ಹೊರತು ಡಬ್ಬಿಯ ಮೇಲಿನ ಅಂಕಿಗಲ್ಲ. ಶೆಲ್ಲಿನ ಒಳಮೈ ಬಾಗಿರುವುದರಿಂದ ಮಾಮೂಲಿ ಮೈಕ್ರೋಮೀಟರ್ ತಪ್ಪು ಹೇಳುತ್ತದೆ. ನಾವು ಸೈಕಲ್ ಹಬ್ಬಿನ ಒಂದು ಗುಂಡು ಇಟ್ಟು ಅಳೆದು, ಗುಂಡಿನ ಅಳತೆ ಕಳೆದೆವು.

ಎರಡನೇ ಸಲ ತರಿಸಿದ್ದು ಈ ವಿಮರ್ಶೆಯ ಸರಕು: ವ್ಯಾಂಡರ್‌ವೆಲ್‌ನ ಹಳೇ ಸ್ಟಾಕ್, ಮೇಣದ ಕಾಗದದಲ್ಲಿ ಸುತ್ತಿದ್ದು. ಮೇನ್ ಮತ್ತು ಬಿಗ್ ಎಂಡ್ ಎರಡೂ. ಟೋನಿ ವ್ಯಾಂಡರ್‌ವೆಲ್ ಬೇರಿಂಗ್ ಮಾರಿದ ದುಡ್ಡಿನಲ್ಲಿ ರೇಸ್ ಕಾರು ಕಟ್ಟಿದ ಮನುಷ್ಯ. ತನ್ನ ಹೆಸರಿಗೆ ತನ್ನ 'ಥಿನ್‌ವಾಲ್' ಬೇರಿಂಗಿನ ಹೆಸರು ಸೇರಿಸಿ 'ವ್ಯಾನ್‌ವಾಲ್' ಅಂತ ಇಟ್ಟ. 1958ರಲ್ಲಿ ಫಾರ್ಮುಲಾ ಒನ್‌ನ ಮೊಟ್ಟಮೊದಲ ಕನ್‌ಸ್ಟ್ರಕ್ಟರ್ಸ್ ಪ್ರಶಸ್ತಿ ಗೆದ್ದದ್ದು ಅದೇ ತಂಡ. ಈ ಕಥೆಗೆ ಮರುಳಾಗಿ ಕೊಂಡೆ ಅಂತ ನನ್ನ ಹೆಂಡತಿಯ ಆರೋಪ. ಸ್ವಲ್ಪ ನಿಜ.

ಉಳಿದ ಕಾರಣ ಲೋಹದ್ದು. ಇದು ಮೂರು ಪದರದ ಬೇರಿಂಗ್. ಉಕ್ಕಿನ ಬೆನ್ನು, ಅದರ ಮೇಲೆ ತಾಮ್ರ ಮತ್ತು ಸೀಸದ ಪದರ, ಎಲ್ಲಕ್ಕೂ ಮೇಲೆ ಸೀಸ-ಇಂಡಿಯಂನ ತೆಳು ಲೇಪ. ಈ ಲೇಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟೇ ದಪ್ಪ, ಆದರೆ ಬೆಣ್ಣೆಯಂಥ ಮೆದು. ಐವತ್ತು ವರ್ಷದ ಬ್ಲಾಕಿನಲ್ಲಿ ಐದು ಮೇನ್‌ಗಳೂ ದಾರ ಹಿಡಿದಂತೆ ಸಾಲಾಗಿರುವುದಿಲ್ಲ. ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಓರೆಯಿದ್ದರೆ ಲೇಪ ತಾನೇ ಸವೆದು ಹೊಂದಿಕೊಳ್ಳುತ್ತದೆ. ಈಗಿನ ಬಹಳಷ್ಟು ಬೇರಿಂಗ್ ಅಲ್ಯೂಮಿನಿಯಂ-ತವರದ ಎರಡು ಪದರದ್ದು. ಹೊಸ ಕಾರುಗಳಲ್ಲಿ ಸೀಸ ಬೇಡವೆಂದು ಯೂರೋಪು ಕಾನೂನು ತಂದ ಮೇಲೆ ಈ ಕಡೆ ವಾಲಿದವರು ಹೆಚ್ಚು. ಅದು ಕೆಟ್ಟದ್ದಲ್ಲ. ದಿನಾ ಓಡುವ ಕಾರಿಗೆ, ಬೋರಿಂಗ್ ಎಲ್ಲ ಸರಿಯಾಗಿ ಮಾಡಿಸಿದ ಬ್ಲಾಕಿಗೆ ನಾನೂ ಅದನ್ನೇ ಹಾಕಿಸುತ್ತಿದ್ದೆ. ಅದರ ಪದರ ದಪ್ಪ, ಬೇಗ ಮುಗಿಯುವಂಥದ್ದಲ್ಲ. ಮೂರು ಪದರದ್ದರಲ್ಲಿ ಲೇಪ ಹೋದರೆ ಹೋಯಿತು.

ಹಳೇ ಸ್ಟಾಕ್ ಅಂದರೆ ಕಣ್ಣುಮುಚ್ಚಿ ಕೊಳ್ಳುವ ಹಾಗಿಲ್ಲ. ಮೈ ಮಂಕಾಗಿದ್ದರೆ ಚಿಂತೆಯಿಲ್ಲ. ಬಿಳಿ ಪುಡಿ, ಬೆನ್ನಿನಲ್ಲಿ ತುಕ್ಕು ಇದ್ದರೆ ಬೇಡ. ನನ್ನ ಸೆಟ್ಟಿನಲ್ಲಿ ಒಂದು ಶೆಲ್ಲಿನ ಬೆನ್ನಿಗೆ ಗುಲಗಂಜಿಯಷ್ಟು ತುಕ್ಕು ಇತ್ತು. ಬೆನ್ನು ಬ್ಲಾಕಿಗೆ ಪೂರ್ತಿ ಅಂಟಿ ಕೂತರೆ ಮಾತ್ರ ಶಾಖ ದಾಟುತ್ತದೆ. ಮಾರಿದವರಿಗೆ ಬರೆದು ಬದಲಿ ಜೋಡಿ ಬರಲು ಎರಡು ತಿಂಗಳು ಕಾದೆ. ಅಷ್ಟರಲ್ಲಿ ಭಾಯ್, "ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಹಿಂದೆ ಇಟ್ಟು ಟೈಟ್ ಮಾಡಣ ಸಾರ್, ಲಾರಿಗೆಲ್ಲ ಹಂಗೇ ಮಾಡಿದೀವಿ" ಅಂದರು. ಈ ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ. ಕ್ಯಾಪ್ ಅರ ಹೊಡೆಯುವುದೂ ಅದೇ ಜಾತಿಯ ಕೆಲಸ.

ಕ್ರ್ಯಾಂಕಿನ ಎಣ್ಣೆದಾರಿಗಳನ್ನು ಉಜ್ಜಲು ಮಾವನ ಕೋವಿಯ ನಳಿಗೆ ಬ್ರಷ್ ಒದಗಿತು. ಸೀಮೆಎಣ್ಣೆ ಹಾಕಿ ಉಜ್ಜಿದರೆ, ಗ್ರೈಂಡಿಂಗ್ ಅಂಗಡಿಯವರು 'ಕ್ಲೀನ್ ಮಾಡಿದೀವಿ' ಅಂದಿದ್ದ ಕ್ರ್ಯಾಂಕಿನಿಂದ ಬೂದುಬಣ್ಣದ ಕೆಸರು ಬಂತು. ಆ ಕೆಸರು ಒಳಗೇ ಉಳಿದಿದ್ದರೆ ಯಾವ ಕಂಪನಿಯ ಬೇರಿಂಗೂ ಒಂದು ತಿಂಗಳು ಬಾಳುತ್ತಿರಲಿಲ್ಲ. ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರಿನ ಗೀರುಗಳು ಕ್ರ್ಯಾಂಕಿನ ಕಡೆಗೆ ಮುಖ ಮಾಡಿವೆಯೋ ಅಂತ ಎರಡು ಸಲ ನೋಡಿ ಕೂರಿಸಿದೆವು. ಮೇನ್ ಬೋಲ್ಟು 70 ಫುಟ್-ಪೌಂಡ್. ಪ್ಲಾಸ್ಟಿಗೇಜ್ ಈ ಸಲ ಐದರಲ್ಲೂ ಒಂದೂವರೆಯಿಂದ ಎರಡು ಥೌ ಒಳಗೆ. ಪ್ಲಗ್ ಬಿಚ್ಚಿ, ಗೇಜಿನಲ್ಲಿ ಒತ್ತಡ ಕಾಣುವ ತನಕ ಸ್ಟಾರ್ಟರ್ ತಿರುಗಿಸಿ, ಆಮೇಲೆಯೇ ಚಾಲೂ ಮಾಡಿದ್ದು.

20ಡಬ್ಲ್ಯೂ-50 ಆಯಿಲ್ ಹಾಕಿ ಬಿಸಿ ಎಂಜಿನ್ನಿನಲ್ಲಿ ಮೊದಲ ವರ್ಷದ ಲೆಕ್ಕ: ಐಡ್ಲಿಂಗ್ 20, ಮೂರು ಸಾವಿರ ಆರ್‌ಪಿಎಂನಲ್ಲಿ 60 ಪಿಎಸ್‌ಐ. ಈಗ 18 ಮತ್ತು 58. ಚಾರ್ಮಾಡಿ ಹತ್ತಿ ಬಂದ ದಿನವೂ 15ಕ್ಕಿಂತ ಕೆಳಗೆ ಬಿದ್ದಿಲ್ಲ. ಕಡೂರು ರಸ್ತೆಯ ನೆಟ್ಟನೆ ಓಟಕ್ಕಿಂತ ಬೆಳಿಗ್ಗೆ ಮಂಜಿನಲ್ಲಿ ತಣ್ಣಗೆ ಸ್ಟಾರ್ಟ್ ಮಾಡುವ ಮೊದಲ ನಿಮಿಷವೇ ಬೇರಿಂಗಿಗೆ ಕಷ್ಟದ್ದು, ಅದನ್ನು ಮಾತ್ರ ಹುಷಾರಾಗಿ ನೋಡಿಕೊಂಡೆ.

ಬಿಚ್ಚಿದಾಗ ಕಂಡದ್ದು: ನಡುವಿನ ಮೇನ್‌ನಲ್ಲಿ ಲೇಪ ಒಂದೇ ಸಮ, ರೇಷ್ಮೆಯ ಬೂದು. ಮೂರನೇ ಬಿಗ್ ಎಂಡ್‌ನಲ್ಲಿ ಕೂದಲೆಳೆಯಂಥ ಎರಡು ಗೀರು, ತಾಮ್ರ ಎಲ್ಲೂ ಇಣುಕಿಲ್ಲ. ಅದೇ ಶೆಲ್ಲುಗಳನ್ನೇ ವಾಪಸ್ ಕೂರಿಸಿದೆ.

ದೂರುಗಳೂ ಇವೆ. ಬೇಕಾದ ಸೈಜು ಬೇಕಾದಾಗ ಸಿಗುವುದಿಲ್ಲ, ಕಸ್ಟಮ್ಸ್ ಸುಂಕ ಕಟ್ಟುವಾಗ ಹೊಟ್ಟೆ ಉರಿಯುತ್ತದೆ, ಶೆಲ್ಲುಗಳ ವಯಸ್ಸು ಎಷ್ಟೆಂದು ಡಬ್ಬಿಯಲ್ಲಿ ಬರೆದಿರುವುದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. 'ಟ್ವೆಂಟಿ ಅಂಡರ್' ಒಂದು ಸೆಟ್ ಮುಂದಿನ ಸಲಕ್ಕೆಂದು ತರಿಸಿಟ್ಟಿದ್ದೇನೆ. ನಮ್ಮ ಮಳೆಗಾಲದ ಥಂಡಿಗೆ ಹೆದರಿ ಎಣ್ಣೆಬಟ್ಟೆಯಲ್ಲಿ ಸುತ್ತಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ಕಾಳುಮೆಣಸಿನ ಚೀಲದ ಪಕ್ಕ ಇಟ್ಟಿದೆ.