ಬರೀ ಹಾರ್ಮೋನ್ ಇಂಜೆಕ್ಷನ್ನಾ, ಜೊತೆಗೆ ಕೀಮೋನೂ ಬೇಕಾ?

ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗ ನಮ್ಮ ದೊಡ್ಡಪ್ಪನ ಮುಂದೆ ಇದ್ದದ್ದು ಇವೇ ಎರಡು ದಾರಿ. ಗಂಡು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಒಂದೇ ಆದರೆ ಮೂರು ತಿಂಗಳಿಗೊಮ್ಮೆ ಜಗಳೂರಿನಿಂದ ದಾವಣಗೆರೆಗೆ ಬಂದು ಹೋದರೆ ಆಯ್ತು. ಮೈ ಬಿಸಿಯಾಗಿ ಬೆವರುತ್ತದೆ, ಸುಸ್ತು ಇರುತ್ತದೆ.

ಡೋಸಿಟ್ಯಾಕ್ಸೆಲ್ ಕೀಮೋ ಸೇರಿಸಿದರೆ ಮೂರು ವಾರಕ್ಕೊಮ್ಮೆ, ಒಟ್ಟು 6 ಸಲ ಡ್ರಿಪ್. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಇಳಿಯುತ್ತವೆ. ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗುವಂತಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ದೊಡ್ಡಮ್ಮ ದಿಂಬಿನ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟುಕೊಂಡಿದ್ದರು.

ಆದರೆ 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಎರಡೂ ಪಡೆದವರಲ್ಲಿ ಅರ್ಧದಷ್ಟು ಜನ 57.6 ತಿಂಗಳು ದಾಟಿ ಬದುಕಿದರು. ಬರೀ ಹಾರ್ಮೋನ್‌ನವರಲ್ಲಿ ಅದು 44 ತಿಂಗಳು. ರೋಗ ಜಾಸ್ತಿ ಹರಡಿದವರಿಗೇ ಹೆಚ್ಚು ಲಾಭ. ಅಂಥವರು ಓಡಾಡಿಕೊಂಡಿದ್ದರೆ, ಕೀಮೋ ಹೆಸರು ಕೇಳಿಯೇ ಬೇಡ ಅನ್ನಬೇಡಿ. ಈಗ ಗಂಡು ಹಾರ್ಮೋನ್ ತಡೆಯುವ ಅಬಿರಾಟೆರೋನ್‌ನಂಥ ಮಾತ್ರೆಗಳೂ ಇವೆ, ಡಾಕ್ಟರ ಹತ್ತಿರ ಅದನ್ನೂ ಕೇಳಿ.