72 ತಪಾಸಣೆಗಳ ಪ್ಯಾಕೇಜು: ಕಲಬುರಗಿಯ ಒಂದು ಲ್ಯಾಬಿನ ಮನೆಸೇವೆಯನ್ನು ಬಳಸಿ ನೋಡಿದ ಮೇಲೆ

ನಮ್ಮ ಅವ್ವನಿಗೆ 62 ವರ್ಷ. ಕಳೆದ ಬೇಸಿಗೆಯಿಂದ ಮಾಳಿಗೆಯ ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು ಬರುತ್ತಿತ್ತು. ಮಧ್ಯಾಹ್ನವಾದರೆ ಕೈಕಾಲು ಸೋತು ಮಲಗಿಬಿಡುತ್ತಿದ್ದಳು. ಕಲಬುರಗಿಯ ಬಿಸಿಲಿಗೆ ಯಾರಾದರೂ ಹೀಗೇ ಆಗುತ್ತಾರೆಂದು ನಾವು ಎರಡು ತಿಂಗಳು ಸುಮ್ಮನಿದ್ದೆವು. ಕೊನೆಗೆ ವೈದ್ಯರ ಬಳಿಗೆ ಕರೆದೊಯ್ಯುವ ಮೊದಲೇ, ಸೇಡಂ ರಸ್ತೆಯ ಕಡೆಯ ಒಂದು ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಳ್ಳುವ ‘ಸಂಪೂರ್ಣ ದೇಹ ತಪಾಸಣೆ’ ಪ್ಯಾಕೇಜನ್ನು ನಾನೇ ಫೋನಿನಲ್ಲಿ ಕಾಯ್ದಿರಿಸಿದೆ. 72 ತಪಾಸಣೆಗಳಿಗೆ 1,500 ರೂಪಾಯಿ. ಈ ಸೇವೆಯಲ್ಲಿ ಮೆಚ್ಚುವಂಥದ್ದೂ ಇದೆ, ಒಪ್ಪಲಾಗದ್ದೂ ಇದೆ. ಎರಡನ್ನೂ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಮೆಚ್ಚಿದ್ದು. ಹೇಳಿದ ಸಮಯಕ್ಕೆ, ಮುಂಜಾನೆ 6:40ಕ್ಕೆ, ಹುಡುಗ ಬಾಗಿಲಲ್ಲಿದ್ದ. ‘ಅಮ್ಮಾ, ರಾತ್ರಿ ಎಷ್ಟಕ್ಕ ಊಟ ಮಾಡೀರಿ? ಈಗ ಚಾ ಕುಡಿದೀರೇನ್ರಿ?’ ಎಂದು ಕೇಳಿ, ‘ನೀರಷ್ಟೇ ಕುಡಿದೀನಪ್ಪಾ’ ಎಂಬ ಉತ್ತರ ಬಂದ ಮೇಲೆಯೇ ಕೈಗವಸು ಹಾಕಿಕೊಂಡ. ಸೂಜಿಯ ಪೊಟ್ಟಣವನ್ನು ನಮ್ಮೆದುರಿಗೇ ಒಡೆದ. ನೇರಳೆ ಮುಚ್ಚಳದ ಟ್ಯೂಬು ತುಂಬಿದ ಮೇಲೆ ಅದನ್ನು ಅಲುಗಾಡಿಸದೆ, ಮೆಲ್ಲಗೆ ಎಂಟು ಹತ್ತು ಸಲ ತಲೆಕೆಳಗು ಮಾಡಿದ. ಜೋರಾಗಿ ಕುಲುಕಿದರೆ ರಕ್ತಕಣಗಳು ಒಡೆದು ಪೊಟ್ಯಾಸಿಯಂನಂತಹ ಅಂಶಗಳು ಇಲ್ಲದ ಏರಿಕೆಯನ್ನು ತೋರಿಸುತ್ತವೆ. ಶುಗರ್ ನೋಡಲು ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬನ್ನೇ ಬಳಸಿದ್ದು ನನಗೆ ತುಂಬ ಸಮಾಧಾನ ತಂದಿತು. ಸಾದಾ ಟ್ಯೂಬಿನಲ್ಲಿ ರಕ್ತ ಹಾಗೇ ಉಳಿದರೆ ಕಣಗಳು ಸಕ್ಕರೆಯನ್ನು ಬಳಸಿಕೊಳ್ಳುತ್ತಲೇ ಇರುತ್ತವೆ. ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಅಂಶ ಇಳಿಯುತ್ತದೆ. ಹತ್ತು ಮನೆ ಸುತ್ತಿ ಲ್ಯಾಬು ಸೇರುವ ಮಾದರಿಗೆ, ಅದರಲ್ಲೂ ನಮ್ಮೂರಿನ ಬಿಸಿಲಿನಲ್ಲಿ, ಇದು ಸಣ್ಣ ವಿಷಯವಲ್ಲ. ಹೆಸರು, ವಯಸ್ಸು, ಸಮಯ ಬರೆದ ಚೀಟಿಯನ್ನು ಮಂಚದ ಪಕ್ಕದಲ್ಲಿಯೇ ಅಂಟಿಸಿ, ಟ್ಯೂಬುಗಳನ್ನು ತಂಪುಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದ. ಕೆಲಸ ಬಲ್ಲ ಹುಡುಗ.

ವರದಿ ಅಂದು ಸಂಜೆಯೇ ಮೊಬೈಲಿಗೆ ಬಂದಿತು. ನನ್ನ ತಕರಾರು ಶುರುವಾಗುವುದು ಇಲ್ಲಿಂದ.

72 ಎಂಬ ಸಂಖ್ಯೆಯನ್ನು ನೋಡಿ ನಾನು 72 ಬೇರೆ ಬೇರೆ ಪರೀಕ್ಷೆಗಳೆಂದುಕೊಂಡಿದ್ದೆ. ವಾಸ್ತವದಲ್ಲಿ ಸಿಬಿಸಿ ಎಂಬ ಒಂದೇ ರಕ್ತಕಣಗಳ ಪರೀಕ್ಷೆಯಲ್ಲಿ ಇಪ್ಪತ್ತರಷ್ಟು ಸಾಲುಗಳಿರುತ್ತವೆ, ಮೂತ್ರ ಪರೀಕ್ಷೆಯಲ್ಲಿ ಹತ್ತಕ್ಕೂ ಹೆಚ್ಚು. ಅವನ್ನೆಲ್ಲ ಒಂದೊಂದಾಗಿ ಎಣಿಸಿ ಪ್ಯಾಕೇಜನ್ನು ದೊಡ್ಡದು ಮಾಡಿದ್ದಾರೆ. ಏಳು ಪುಟಗಳ ವರದಿಯಲ್ಲಿ ಆರು ಸಾಲುಗಳು ಕೆಂಪಕ್ಷರದಲ್ಲಿದ್ದವು. ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಸಾಮಾನ್ಯ ಮಿತಿ ಎಂದು ಅಚ್ಚಾಗಿರುವ ಅಂಕಿಗಳನ್ನು ಹೆಚ್ಚಿನ ಪರೀಕ್ಷೆಗಳಲ್ಲಿ ನೂರು ಆರೋಗ್ಯವಂತರ ಪೈಕಿ 95 ಜನರ ಫಲಿತಾಂಶ ಬರುವ ವ್ಯಾಪ್ತಿಯಿಂದ ನಿಗದಿಪಡಿಸಿರುತ್ತಾರೆ. ಅಂದರೆ ಯಾವ ರೋಗವೂ ಇಲ್ಲದವರಿಗೂ 72 ಸಾಲುಗಳಲ್ಲಿ ಮೂರು ನಾಲ್ಕು ಕೆಂಪಾಗುವುದು ಸಹಜ. ಈ ಒಂದು ಮಾತನ್ನು ಕನ್ನಡದಲ್ಲಿ ಮೊದಲ ಪುಟದಲ್ಲಿ ಅಚ್ಚು ಹಾಕಲು ಲ್ಯಾಬಿಗೆ ಏನು ಕಷ್ಟವಿತ್ತು?

ಕೆಂಪಾದವುಗಳಲ್ಲಿ ನಮ್ಮನ್ನು ಹೆಚ್ಚು ಹೆದರಿಸಿದ್ದು ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ: ಶೇ. 6.1. ಶೇ. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ ಎಂದು ಪಕ್ಕದಲ್ಲೇ ಬರೆದಿತ್ತು. ಆದರೆ ಅದೇ ವರದಿಯಲ್ಲಿ ಖಾಲಿಹೊಟ್ಟೆಯ ಶುಗರ್ 92 ಇತ್ತು. ಅದು 100ರ ಒಳಗಿರಬೇಕು, ಇತ್ತು. ಎರಡು ಪರೀಕ್ಷೆಗಳು ಎರಡು ಮಾತು ಹೇಳುತ್ತಿದ್ದರೂ ಲ್ಯಾಬಿನಿಂದ ಒಂದು ಸಾಲಿನ ವಿವರಣೆಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಬಂದದ್ದು ‘ಆರೋಗ್ಯ ಸಲಹೆಗಾರರ’ ಕರೆ: ಅಮ್ಮನವರಿಗೆ ಶುಗರ್ ಶುರುವಾಗಿದೆ, ಡಯಾಬಿಟಿಸ್ ಪ್ಯಾಕೇಜು ಮಾಡಿಸಿ, ಈ ವಾರ ರಿಯಾಯಿತಿ ಇದೆ ಎಂದು. ಹೆದರಿದವರ ಮುಂದೆ ಹೀಗೆ ವ್ಯಾಪಾರ ಮಾಡುವುದನ್ನು ನಾನು ಕ್ಷಮಿಸಲಾರೆ.

ನಮ್ಮ ವೈದ್ಯರು ವರದಿಯನ್ನು ಕೈಗೆ ತೆಗೆದುಕೊಂಡವರೇ ಶುಗರಿನ ಪುಟವನ್ನು ಬಿಟ್ಟು ಸಿಬಿಸಿಯ ಪುಟಕ್ಕೆ ಹೋದರು. ಹಿಮೋಗ್ಲೋಬಿನ್ 9.4, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 68. ಅದು 80ರಿಂದ 100 ಇರಬೇಕು. ಕಣಗಳು ಹೀಗೆ ಸಣ್ಣದಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಬ್ಬಿಣಾಂಶದ ಕೊರತೆ. ಎಚ್‌ಬಿಎ1ಸಿಯ ಗುಟ್ಟೂ ಇಲ್ಲಿಯೇ ಇತ್ತು. ಆ ಪರೀಕ್ಷೆ ಅಳೆಯುವುದು ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು. ರಕ್ತಕಣವೊಂದು ಸುಮಾರು 120 ದಿನ ಬದುಕುವುದರಿಂದ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಕಬ್ಬಿಣಾಂಶ ಕಡಿಮೆಯಿದ್ದವರಲ್ಲಿ ಸಕ್ಕರೆ ಏರದೆಯೂ ಈ ಅಂಕಿ ಏರುವುದುಂಟು. ರಕ್ತಹೀನತೆ ಇಷ್ಟು ಸಾಮಾನ್ಯವಾಗಿರುವ ನಮ್ಮ ಭಾಗದಲ್ಲಿ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿಯೊಂದನ್ನೇ ಹಿಡಿದು ಯಾರನ್ನೂ ಸಕ್ಕರೆ ಕಾಯಿಲೆಯವರೆಂದು ಕರೆಯಬಾರದು.

ಕಬ್ಬಿಣಾಂಶದ ದಾಸ್ತಾನನ್ನು ತೋರಿಸುವ ಫೆರಿಟಿನ್ ಆ 72ರಲ್ಲಿ ಇರಲೇ ಇಲ್ಲ. ಆರ್‌ಎ ಫ್ಯಾಕ್ಟರ್ ಇತ್ತು. ಅದು ಕೀಲುಗಳಲ್ಲಿ ಬಾವು, ಮುಂಜಾನೆಯ ಬಿಗಿತ ಇದ್ದವರಿಗೆ ಕೇಳುವ ಪರೀಕ್ಷೆ. ವಯಸ್ಸಾದ ಕೆಲವರಲ್ಲಿ ಕಾರಣವಿಲ್ಲದೆಯೂ ಪಾಸಿಟಿವ್ ಬರುತ್ತದೆ, ಅವ್ವನಿಗೂ ಬಂದಿತ್ತು, ವೈದ್ಯರು ಬೆರಳಿನ ಗಿಣ್ಣುಗಳನ್ನು ಒತ್ತಿ ನೋಡಿ ಬದಿಗಿಟ್ಟರು. ಬೇಕಾದದ್ದು ಇಲ್ಲದೆ, ಬೇಡದ್ದು ಇರುವುದೇ ರೋಗಿಯನ್ನು ನೋಡದೆ ಕಟ್ಟಿದ ಪ್ಯಾಕೇಜಿನ ದೊಡ್ಡ ದೋಷ.

ಫೆರಿಟಿನ್ ಬೇರೆಯಾಗಿ ಮಾಡಿಸಿದಾಗ 7 ಬಂದಿತು; 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಬರಿದಾಗಿದೆ ಎಂದೇ ಅರ್ಥ. ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣಾಂಶ ಹೀಗೆ ಖಾಲಿಯಾದರೆ ಒಳಗೆಲ್ಲೋ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕೆಂದು ವೈದ್ಯರು ಹೇಳಿ, ಯಾವ ಗುಳಿಗೆ ತೆಗೆದುಕೊಳ್ಳುತ್ತೀರೆಂದು ಕೇಳಿದರು. ಮೊಣಕಾಲು ನೋವಿಗೆಂದು ಅವ್ವ ಒಂದು ವರ್ಷದಿಂದ ಔಷಧಿ ಅಂಗಡಿಯ ಗುಳಿಗೆಯನ್ನು ದಿನವೂ ನುಂಗುತ್ತಿದ್ದುದು ನನಗೇ ಗೊತ್ತಿರಲಿಲ್ಲ. ಎಂಡೋಸ್ಕೋಪಿಯಲ್ಲಿ, ಅಂಥ ನೋವಿನ ಗುಳಿಗೆಗಳಿಂದ ಆಗಬಹುದಾದ, ರಕ್ತ ಸೋರುವ ಜಠರದ ಹುಣ್ಣು ಕಂಡಿತು. ಕಾಯಿಲೆಯ ಮೂಲ ಸಿಕ್ಕಿದ್ದು ಆ ಪ್ರಶ್ನೆಯಿಂದ.

ಆದ್ದರಿಂದ ರಕ್ತ ತೆಗೆಯುವ ಕೆಲಸಕ್ಕೆ ಈ ಲ್ಯಾಬನ್ನು ನಾನು ಧೈರ್ಯವಾಗಿ ಹೇಳುತ್ತೇನೆ, ಪ್ಯಾಕೇಜಿಗೆ ಹೇಳುವುದಿಲ್ಲ. ವೈದ್ಯರ ಚೀಟಿ ಕೈಯಲ್ಲಿದ್ದರೆ ಅದರಲ್ಲಿರುವ ಪರೀಕ್ಷೆಗಳನ್ನಷ್ಟೇ ಬಿಡಿಯಾಗಿ ಮಾಡಿಕೊಡುತ್ತಾರೆ. ಫೋನಿನಲ್ಲಿ ಸ್ವಲ್ಪ ಒತ್ತಾಯಿಸಿ ಕೇಳಬೇಕು. ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಮುದ್ರೆ ನೋಡುವವರು, ಆ ಮಾನ್ಯತೆ ಪರೀಕ್ಷೆವಾರು ಇರುತ್ತದೆಂಬುದನ್ನು ನೆನಪಿಟ್ಟು, ನಿಮ್ಮ ಪರೀಕ್ಷೆ ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿಕೊಳ್ಳಿ.

ಹುಣ್ಣಿಗೆ ಔಷಧಿ, ಕಬ್ಬಿಣಾಂಶದ ಗುಳಿಗೆ, ಗುಳಿಗೆಗೂ ಚಹಾಕ್ಕೂ ನಡುವೆ ತಾಸೆರಡು ತಾಸು ಅಂತರ: ಹೀಗೆ ಮೂರು ತಿಂಗಳು ಕಳೆದ ಮೇಲೆ ಅದೇ ಹುಡುಗ ಮತ್ತೆ ಬಂದ. ಸಿಬಿಸಿ ಮತ್ತು ಎಚ್‌ಬಿಎ1ಸಿ ಎರಡಕ್ಕೂ ನೇರಳೆ ಮುಚ್ಚಳದ ಒಂದೇ ಟ್ಯೂಬು ಸಾಕಾಯಿತು. ಹಿಮೋಗ್ಲೋಬಿನ್ 11.9 ಆಗಿದೆ, ಎಚ್‌ಬಿಎ1ಸಿ 5.5ಕ್ಕೆ ಇಳಿದಿದೆ. ದಾಸ್ತಾನು ತುಂಬುವವರೆಗೆ ಗುಳಿಗೆ ಇನ್ನೂ ಮೂರು ತಿಂಗಳು ನಡೆಯಬೇಕಂತೆ. ಅವ್ವ ಈಗ ಮಾಳಿಗೆಯ ಮೇಲೆ ತಾನೇ ಹೋಗಿ ಹಪ್ಪಳ ಒಣಹಾಕಿ ಬರುತ್ತಾಳೆ.